‘ಪರಿಶೀಲಿಸಿ ಮಂಡಿಸಿ’ ಎಂದು ಕಡತ ಹಿಂದಿರುಗಿದರೆ ಏನು ಮಾಡಬೇಕು?

ಪ್ರಶ್ನೆ: ನಾನು ಸಿರುಗುಪ್ಪ ತಾಲ್ಲೂಕಿನವಳು. ನಮ್ಮ ಭಾಗದ ವಿಶ್ವವಿದ್ಯಾಲಯವೊಂದರ ಪರೀಕ್ಷಾ ವಿಭಾಗಕ್ಕೆ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ ಎರಡು ವರ್ಷವಾಯಿತು. ಈ ಸಲದ ಕಾರ್ಯನಿರ್ವಹಣಾ ವರದಿಯಲ್ಲಿ ಮೇಲಧಿಕಾರಿಗಳು ‘ವೃತ್ತಿಪರ ನಡವಳಿಕೆ ಹಾಗೂ ಸಮಸ್ಯೆ ಪರಿಹರಿಸುವ ಸಾಮರ್ಥ್ಯ ಬೆಳೆಸಿಕೊಳ್ಳಬೇಕು’ ಎಂದು ಬರೆದಿದ್ದಾರೆ. ನಾನು ಹೊತ್ತಿಗೆ ಸರಿಯಾಗಿ ಬರುತ್ತೇನೆ, ಯಾರಿಗೂ ಎದುರು ಮಾತನಾಡಿದವಳಲ್ಲ. ಆದರೂ ನಾನು ಮಂಡಿಸಿದ ಕಡತಗಳು ‘ಪರಿಶೀಲಿಸಿ ಮಂಡಿಸಿ’ ಎಂಬ ಷರಾದೊಂದಿಗೆ ವಾಪಸು ಬರುತ್ತವೆ. ಹಿರಿಯ ಸಹೋದ್ಯೋಗಿಯೊಬ್ಬರು, ‘ಜಾಸ್ತಿ ಬರೆಯಬೇಡಮ್ಮ, ನಾಳೆ ಸಿಕ್ಕಿಹಾಕಿಕೊಳ್ಳುತ್ತೀ’ ಎನ್ನುತ್ತಾರೆ. ಕಿಟಕಿಯ ಮುಂದೆ ವಿದ್ಯಾರ್ಥಿಗಳು ಕೂಗಾಡುತ್ತಾರೆ. ಎರಡು ದಿನದ ತರಬೇತಿಗೂ ಹೋಗಿ ಬಂದೆ. ನಗುಮುಖದಿಂದ ಇರಬೇಕು ಎಂದರು. ನಿಜವಾಗಿ ನಾನು ಕಲಿಯಬೇಕಾದದ್ದು ಏನು?

ಉತ್ತರ: ನಗುಮುಖ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಕುಷ್ಟಗಿಯಿಂದಲೋ ಹಡಗಲಿಯಿಂದಲೋ ಬೆಳಗಿನ ಬಸ್ಸು ಹಿಡಿದು ಬಂದ ಹುಡುಗನಿಗೆ, ‘ಸಾಹೇಬರು ರಜೆಯಲ್ಲಿದ್ದಾರೆ, ನಾಳೆ ಬಾ’ ಎಂದು ನಗುನಗುತ್ತ ಹೇಳಿದರೆ ಅವನ ಸಿಟ್ಟು ಇನ್ನಷ್ಟು ಏರುತ್ತದೆ, ಅಷ್ಟೆ. ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ: ಕಡತ ವಾಪಸು ಬರುತ್ತದೆ, ವಿದ್ಯಾರ್ಥಿ ಕೂಗಾಡುತ್ತಾನೆ. ನನ್ನ ಪ್ರಕಾರ ಇವೆರಡಕ್ಕೂ ಮೂಲ ಒಂದೇ. ಮುಂದಿನ ಹೆಜ್ಜೆ ಇಡಲು ಬೇಕಾದ ಆಧಾರ ನಿಮ್ಮ ಮೇಜಿನಿಂದ ಅಧಿಕಾರಿಗೂ ಸಿಗುತ್ತಿಲ್ಲ, ವಿದ್ಯಾರ್ಥಿಗೂ ಸಿಗುತ್ತಿಲ್ಲ. ಅದನ್ನು ಕೊಡಲು ಕಲಿತರೆ ವರದಿಯಲ್ಲಿ ಬರೆದಿರುವ ಎರಡೂ ಗುಣಗಳು ಬಹುಮಟ್ಟಿಗೆ ಬಂದಂತೆಯೇ. ಅದನ್ನು ಕಲಿಯುವ ಜಾಗ ತರಬೇತಿಯ ಸಭಾಂಗಣವಲ್ಲ, ನಿಮ್ಮ ಕಡತದ ಟಿಪ್ಪಣಿ ಹಾಳೆ.

ಹಾಗಾಗಿ ಟಿಪ್ಪಣಿಯಿಂದಲೇ ಶುರು ಮಾಡೋಣ. ನಮ್ಮ ಕಚೇರಿಗಳಲ್ಲಿ ದಿನವೂ ಕಾಣುವ ಸಾಲು ಇದು: ‘ವಿದ್ಯಾರ್ಥಿಯ ಅರ್ಜಿಯನ್ನು ಅವಗಾಹನೆಗಾಗಿ ಹಾಗೂ ಮುಂದಿನ ಆದೇಶಕ್ಕಾಗಿ ಮಂಡಿಸಿದೆ.’ ಇದರಲ್ಲಿ ತಪ್ಪಿಲ್ಲ, ಹುರುಳೂ ಇಲ್ಲ. ಅರ್ಜಿ ಬಂದಿದೆ ಎಂಬುದನ್ನು ಬಿಟ್ಟು ಅಧಿಕಾರಿಗೆ ಹೊಸದಾಗಿ ಏನೂ ತಿಳಿಯಲಿಲ್ಲ. ಆಗ ಅವರು ಇನ್ನೇನು ಬರೆಯಬಲ್ಲರು? ‘ಪರಿಶೀಲಿಸಿ ಮಂಡಿಸಿ’ ಎಂದೇ ಬರೆಯುತ್ತಾರೆ. ಅಂದರೆ ನೀವು ಮಾಡಬೇಕಿದ್ದ ಕೆಲಸವನ್ನು ನಿಮಗೇ ನೆನಪಿಸಿ ಕಳಿಸುತ್ತಾರೆ. ನಡುವೆ ನಾಲ್ಕೈದು ದಿನ ಕಳೆದಿರುತ್ತದೆ.

ಅದೇ ಅರ್ಜಿಗೆ ಹೀಗೊಂದು ಟಿಪ್ಪಣಿ ಬರೆದು ನೋಡಿ: ‘ಬಿ.ಕಾಂ. ನಾಲ್ಕನೇ ಸೆಮಿಸ್ಟರಿನ ಒಂದು ಪತ್ರಿಕೆಯಲ್ಲಿ ತಮ್ಮನ್ನು ಗೈರುಹಾಜರಿ ಎಂದು ತೋರಿಸಿರುವುದನ್ನು ಸರಿಪಡಿಸುವಂತೆ ಅರ್ಜಿದಾರರು ಕೋರಿದ್ದಾರೆ (ಪುಟ 1). ಪರೀಕ್ಷಾ ಕೇಂದ್ರದಿಂದ ತರಿಸಿಕೊಂಡ ಹಾಜರಾತಿ ಹಾಳೆಯಲ್ಲಿ ಅವರ ಸಹಿ ಇದೆ (ಪುಟ 4). ಅದೇ ಕೊಠಡಿಯಲ್ಲಿ ಬರೆದ ಉಳಿದ ವಿದ್ಯಾರ್ಥಿಗಳ ಫಲಿತಾಂಶದಲ್ಲಿಯೂ ಇದೇ ದೋಷ ಕಂಡುಬಂದಿದೆ (ಪುಟ 5–6). ಆ ಕೊಠಡಿಯ ಉತ್ತರಪತ್ರಿಕೆಗಳ ಕಟ್ಟು ತಲುಪಿರುವುದು ಸ್ವೀಕೃತಿ ವಹಿಯಲ್ಲಿ ದಾಖಲಾಗಿದೆ. ಅದನ್ನು ಮೌಲ್ಯಮಾಪನಕ್ಕೆ ಕಳುಹಿಸಿದ ದಾಖಲೆ ಲಭ್ಯವಿಲ್ಲ. ಆದ್ದರಿಂದ ಕಟ್ಟನ್ನು ಪತ್ತೆಮಾಡಿ ಮೌಲ್ಯಮಾಪನ ಮಾಡಿಸಲು ಹಾಗೂ ಆ ಕೊಠಡಿಯ ಎಲ್ಲ ವಿದ್ಯಾರ್ಥಿಗಳ ಫಲಿತಾಂಶವನ್ನು ಒಟ್ಟಿಗೆ ಪರಿಷ್ಕರಿಸಲು ಅನುಮತಿ ನೀಡಬಹುದು. ಒಪ್ಪಿಗೆಯಾದಲ್ಲಿ ಕಾಲೇಜಿಗೆ ಕಳುಹಿಸಬೇಕಾದ ಪತ್ರದ ಕರಡು ಪುಟ 8ರಲ್ಲಿದೆ.’

ಈ ಕಡತ ವಾಪಸು ಬರುವುದು ಕಷ್ಟ. ಕೋರಿಕೆ ಏನು, ದಾಖಲೆ ಏನು ಹೇಳುತ್ತದೆ, ಯಾವ ಪುಟ ನೋಡಬೇಕು, ಏನು ಮಾಡಬಹುದು, ಎಲ್ಲವೂ ಇದೆ. ಅಧಿಕಾರಿ ಸಹಿ ಮಾಡಿದರೆ ಪತ್ರ ಅಂದೇ ಹೊರಡುತ್ತದೆ. ಒಪ್ಪದಿದ್ದರೂ ಏಕೆ ಒಪ್ಪುವುದಿಲ್ಲ ಎಂದು ಅವರೇ ಬರೆಯಬೇಕಾಗುತ್ತದೆ. ಇಲ್ಲಿ ‘ನೀಡಬಹುದು’ ಎಂಬಲ್ಲಿ ನಿಮ್ಮ ಅಭಿಪ್ರಾಯವಿದೆ. ಹೊಸದಾಗಿ ಸೇರಿದವರು ಹೆದರುವುದು ಅಲ್ಲಿಯೇ. ‘ನಾನು ಎಸ್‌ಡಿಎ, ಅಭಿಪ್ರಾಯ ಹೇಳಲು ನಾನ್ಯಾರು’ ಎಂಬ ಸಂಕೋಚ. ತೀರ್ಮಾನ ನಿಮ್ಮದಲ್ಲ, ನಿಜ. ಆದರೆ ದಾಖಲೆಗಳನ್ನೆಲ್ಲ ಒಟ್ಟಿಗೆ ನೋಡಿದವರು ಆ ಹೊತ್ತಿನಲ್ಲಿ ಕಚೇರಿಯಲ್ಲಿ ನೀವೊಬ್ಬರೇ. ನಿಮ್ಮ ಅಭಿಪ್ರಾಯಕ್ಕೆ ಬೆಲೆ ಬರುವುದು ಅದರಿಂದ, ಹುದ್ದೆಯಿಂದಲ್ಲ.

ಕಡತ ಎಲ್ಲಿಗೆ ಹೋಗಬೇಕು ಎಂಬುದನ್ನೂ ತಿಳಿದುಕೊಳ್ಳಿ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರಲ್ಲಿ ಕುಲಪತಿ, ಕುಲಸಚಿವ, ಮೌಲ್ಯಮಾಪನ ಕುಲಸಚಿವ, ಹಣಕಾಸು ಅಧಿಕಾರಿ, ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು ಇವರ ಅಧಿಕಾರವನ್ನು ಬೇರೆಬೇರೆಯಾಗಿ ಹೇಳಿದೆ. ಓದಲು ರುಚಿಯಾದ ಪುಸ್ತಕವೇನಲ್ಲ. ಆದರೂ ನಿಮ್ಮ ವಿಭಾಗಕ್ಕೆ ಸಂಬಂಧಿಸಿದ ಸೆಕ್ಷನ್‌ಗಳನ್ನೂ ಪರೀಕ್ಷೆಗೆ ಸಂಬಂಧಿಸಿದ ಪರಿನಿಯಮಗಳನ್ನೂ ಒಮ್ಮೆ ಪೆನ್ಸಿಲ್ ಹಿಡಿದು ಓದಿ. ಮೌಲ್ಯಮಾಪನ ಕುಲಸಚಿವರ ಹಂತದಲ್ಲಿಯೇ ಮುಗಿಯಬೇಕಾದ ಕಡತವನ್ನು ‘ಯಾವುದಕ್ಕೂ ಇರಲಿ’ ಎಂದು ಕುಲಪತಿಗಳವರೆಗೆ ಓಡಿಸುವುದು ನಮ್ಮ ಕಚೇರಿಗಳ ಹಳೆಯ ಚಾಳಿ. ಅದರ ಬೆಲೆ ತೆರುವವನು ಕಿಟಕಿಯ ಆಚೆ ನಿಂತವನು.

ಇನ್ನು ನಿಮ್ಮ ಹಿರಿಯ ಸಹೋದ್ಯೋಗಿಯ ಮಾತು. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ಬರೆದವರು ಸಿಕ್ಕಿಬಿದ್ದು ಬರೆಯದವರು ಪಾರಾದ ಪ್ರಸಂಗಗಳನ್ನು ಅವರು ನೋಡಿರಬಹುದು. ಆದರೆ ಕಾಲ ಬದಲಾಗಿದೆ. ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕಾರ ಕಡತವೂ ದಾಖಲೆಯೇ. ಯಾವ ನಾಗರಿಕರಾದರೂ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ. ನಾಳೆ ಕಡತ ತೆರೆದಾಗ ‘ಅವಗಾಹನೆಗಾಗಿ ಮಂಡಿಸಿದೆ’ ಎಂಬ ಸಾಲಿನ ಕೆಳಗೆ ನಿಮ್ಮ ಸಹಿ ಇದ್ದು ತಿಂಗಳುಗಟ್ಟಲೆ ಏನೂ ನಡೆದಿಲ್ಲವೆಂದರೆ ವಿವರಣೆ ಕೇಳುವುದು ನಿಮ್ಮನ್ನೇ. ಪುಟಸಂಖ್ಯೆ ಹಾಕಿ, ಕಂಡದ್ದನ್ನು ಕಂಡಂತೆ ಬರೆದವರಿಗೆ ಆ ಭಯ ಕಡಿಮೆ. ಒಂದು ಎಚ್ಚರಿಕೆ: ‘ಕಂಡುಬಂದಿದೆ’ ಎಂದು ಬರೆಯುವುದು ನೀವೇ ಕಣ್ಣಾರೆ ನೋಡಿದ್ದಕ್ಕೆ ಮಾತ್ರ. ಫೋನಿನಲ್ಲಿ ಕೇಳಿದ್ದನ್ನು ‘ಪ್ರಾಂಶುಪಾಲರು ದೂರವಾಣಿಯಲ್ಲಿ ತಿಳಿಸಿರುತ್ತಾರೆ’ ಎಂದು ಬರೆಯಿರಿ. ಸಿಕ್ಕಿಬೀಳುವವರು ಹೆಚ್ಚು ಬರೆದವರಲ್ಲ, ನೋಡದ್ದನ್ನು ನೋಡಿದಂತೆ ಬರೆದವರು.

ಸಮಸ್ಯೆ ಪರಿಹರಿಸುವ ವಿಷಯಕ್ಕೆ ಬರುತ್ತೇನೆ. ಮೇಲಿನ ಟಿಪ್ಪಣಿಯಲ್ಲಿ ಒಂದು ಸಾಲು ಉಳಿದೆಲ್ಲವುಗಳಿಗಿಂತ ಮುಖ್ಯವಾದದ್ದು: ‘ಅದೇ ಕೊಠಡಿಯ ಉಳಿದ ವಿದ್ಯಾರ್ಥಿಗಳ ಫಲಿತಾಂಶದಲ್ಲಿಯೂ ಇದೇ ದೋಷ.’ ಅರ್ಜಿ ಕೊಟ್ಟವನು ಒಬ್ಬ. ಅವನದನ್ನು ಮಾತ್ರ ಸರಿಪಡಿಸಿ ಕಳಿಸಿದ್ದರೆ ಮರುವಾರ ಇನ್ನೊಬ್ಬ, ಅದರ ಮರುವಾರ ಮತ್ತಿಬ್ಬರು ಬರುತ್ತಿದ್ದರು. ಬಸ್ಸಿನ ದುಡ್ಡಿಲ್ಲದವನು ಬರದೇ ಹೋಗುತ್ತಿದ್ದ, ಅಂಕಪಟ್ಟಿಯಲ್ಲಿ ಅನುತ್ತೀರ್ಣನಾಗಿಯೇ ಉಳಿಯುತ್ತಿದ್ದ. ಯಾವುದೇ ದೂರು ಕೈಗೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ಇವನೊಬ್ಬನದೋ, ಇವನ ಜೊತೆಯವರೆಲ್ಲರದೋ? ಒಬ್ಬನದೇ ಆದರೆ ತಪ್ಪು ಬಹುಶಃ ಅವನ ಅರ್ಜಿಯಲ್ಲಿ, ಶುಲ್ಕದಲ್ಲಿ ಅಥವಾ ನೋಂದಣಿ ಸಂಖ್ಯೆಯಲ್ಲಿ ಇದೆ. ಒಂದು ಕೊಠಡಿಯವರದಾದರೆ ಕಟ್ಟಿನಲ್ಲಿ. ಒಂದು ಕಾಲೇಜಿನವರದಾದರೆ ಕಾಲೇಜಿನಿಂದ ಬರಬೇಕಾದ ಆಂತರಿಕ ಅಂಕದಲ್ಲಿಯೋ ಪ್ರವೇಶಾತಿ ಅನುಮೋದನೆಯಲ್ಲಿಯೋ. ಎಲ್ಲ ಕಾಲೇಜುಗಳದೂ ಆದರೆ ತಂತ್ರಾಂಶದಲ್ಲಿ. ಈ ಒಂದು ಪ್ರಶ್ನೆಯಿಂದ ಅರ್ಧ ದಿನದ ಹುಡುಕಾಟ ಉಳಿಯುತ್ತದೆ, ಯಾರ ಮೇಜಿಗೆ ಹೋಗಬೇಕು ಎಂಬುದೂ ಗೊತ್ತಾಗುತ್ತದೆ.

ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಹುಟ್ಟಿದ ‘ಐದು ಸಲ ಏಕೆ ಎಂದು ಕೇಳಿ’ ಎಂಬ ಪದ್ಧತಿಯನ್ನು ನಿಮ್ಮ ತರಬೇತಿಯಲ್ಲಿಯೂ ಹೇಳಿರಬಹುದು. ಒಳ್ಳೆಯ ಪದ್ಧತಿಯೇ. ಆದರೆ ನಮ್ಮ ಕಚೇರಿಗಳಲ್ಲಿ ಐದನೆಯ ‘ಏಕೆ’ಗೆ ಸಿಗುವ ಉತ್ತರ ಯಾವಾಗಲೂ ಒಂದೇ: ಹುದ್ದೆಗಳು ಖಾಲಿ ಇವೆ. ಅಲ್ಲಿಗೆ ಎಲ್ಲರೂ ಕೈಚೆಲ್ಲಿ ಚಹಾಕ್ಕೆ ಹೋಗುತ್ತಾರೆ. ಆದ್ದರಿಂದ ನೀವು ಎರಡನೆಯದೋ ಮೂರನೆಯದೋ ‘ಏಕೆ’ಯಲ್ಲಿ ನಿಲ್ಲಿ. ನಿಮ್ಮ ಕೈಯಿಂದ, ಹೆಚ್ಚೆಂದರೆ ನಿಮ್ಮ ಅಧೀಕ್ಷಕರ ಕೈಯಿಂದ ಬದಲಾಯಿಸಲು ಸಾಧ್ಯವಿರುವ ಕಾರಣ ಸಿಕ್ಕ ಕೂಡಲೇ ಅಲ್ಲಿ ಕೆಲಸ ಶುರು ಮಾಡಿ.

ಒಂದು ಉದಾಹರಣೆ ಕೊಡುತ್ತೇನೆ. ‘ಫಲಿತಾಂಶ ತಡೆಹಿಡಿಯಲಾಗಿದೆ’ ಎಂಬ ದೂರುಗಳಲ್ಲಿ ಆಂತರಿಕ ಅಂಕ ಬಾರದಿರುವುದು ಸದಾ ಕಾಣುವ ಕಾರಣ. ಏಕೆ ಬರಲಿಲ್ಲ? ಕಾಲೇಜಿನವರು ನಮೂದಿಸಿಲ್ಲ. ಏಕೆ ನಮೂದಿಸಲಿಲ್ಲ? ಆ ವಿಷಯ ಪಾಠ ಮಾಡಿದ ಅತಿಥಿ ಉಪನ್ಯಾಸಕರು ಸೆಮಿಸ್ಟರ್ ಮುಗಿದ ಮೇಲೆ ಕಾಲೇಜಿನಲ್ಲಿ ಇಲ್ಲ. ಅಂಕ ಅವರ ವಹಿಯಲ್ಲಿದೆ ಅಥವಾ ಲಾಗಿನ್ ಅವರ ಮೊಬೈಲ್ ಸಂಖ್ಯೆಗೆ ಜೋಡಿಯಾಗಿದೆ. ನಮ್ಮ ಭಾಗದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನು ಎಷ್ಟು ನಂಬಿಕೊಂಡಿವೆ ಎಂಬುದು ನಿಮಗೆ ನಾನು ಹೇಳಬೇಕಿಲ್ಲ. ಇನ್ನೂ ಒಂದು ‘ಏಕೆ’ ಕೇಳಿದರೆ ನೇಮಕಾತಿ ನೀತಿಗೆ ಹೋಗಿ ಮುಟ್ಟುತ್ತೀರಿ. ಅದು ವಿಧಾನಸೌಧದ ಕೆಲಸ. ಇಲ್ಲಿಯೇ ನಿಂತರೆ ನೀವು ಮಾಡಬಹುದಾದ ಕೆಲಸವೊಂದಿದೆ. ಅಂಕ ನಮೂದಿಸುವ ಕೊನೆಯ ದಿನಕ್ಕೆ ಒಂದು ವಾರ ಮೊದಲು ಪಟ್ಟಿ ತೆಗೆದು, ಯಾವ ಕಾಲೇಜಿನ ಯಾವ ಪತ್ರಿಕೆ ಬಾಕಿ ಇದೆ ಎಂದು ನೋಡಿ, ಆ ಪ್ರಾಂಶುಪಾಲರಿಗೆ ಪತ್ರಿಕೆಯ ಹೆಸರು ಹೇಳಿ ಫೋನ್ ಮಾಡುವುದು. ‘ಎಲ್ಲ ಕಾಲೇಜುಗಳಿಗೆ ಸುತ್ತೋಲೆ’ ಹೊರಡಿಸಿದರೆ ಯಾರೂ ಓದುವುದಿಲ್ಲ. ‘ಸರ್, ನಿಮ್ಮಲ್ಲಿ ಎರಡನೇ ಸೆಮಿಸ್ಟರಿನ ಅರ್ಥಶಾಸ್ತ್ರದ ಅಂಕ ಮಾತ್ರ ಬಾಕಿ’ ಎಂದರೆ ಅಂದೇ ಸಂಜೆ ಬರುತ್ತದೆ.

ಇದಕ್ಕೆ ನಿಮಗೆ ಬೇಕಾದದ್ದು ಒಂದು ನೋಟ್‌ಬುಕ್. ದಿನಾಂಕ, ಕಾಲೇಜು, ತರಗತಿ, ದೂರು ಏನು, ಕೊನೆಗೆ ಕಾರಣ ಏನೆಂದು ಗೊತ್ತಾಯಿತು, ಇಷ್ಟನ್ನು ಪ್ರತಿ ದೂರಿಗೂ ಒಂದು ಸಾಲಿನಲ್ಲಿ ಬರೆದಿಡಿ. ಒಂದು ಸೆಮಿಸ್ಟರ್ ಮುಗಿದ ಮೇಲೆ ತಿರುವಿ ಹಾಕಿದರೆ ಕೆಲವೇ ಕಾಲೇಜುಗಳ ಹೆಸರು, ಎರಡು ಮೂರು ಬಗೆಯ ದೋಷಗಳು ಮತ್ತೆ ಮತ್ತೆ ಕಾಣುತ್ತವೆ. ಆ ಪುಟಗಳನ್ನು ಮುಂದಿಟ್ಟುಕೊಂಡು ಅಧೀಕ್ಷಕರ ಬಳಿ ಮಾತನಾಡಿದರೆ ಅವರು ಕೇಳಿಸಿಕೊಳ್ಳುವ ರೀತಿಯೇ ಬೇರೆಯಾಗಿರುತ್ತದೆ. 2021–22ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ, ಪರೀಕ್ಷೆ, ಫಲಿತಾಂಶಗಳು ಯುಯುಸಿಎಂಎಸ್ ತಂತ್ರಾಂಶಕ್ಕೆ ಬಂದ ಮೇಲೆ ‘ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ’ ಎಂಬುದು ಎಲ್ಲದಕ್ಕೂ ಸಿದ್ಧ ಉತ್ತರವಾಗಿಬಿಟ್ಟಿದೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಯಾವ ಪರದೆಯಲ್ಲಿ, ಯಾವ ಗುಂಡಿ ಒತ್ತಿದಾಗ, ಯಾವ ಸಂದೇಶ ಬಂತು ಎಂದು ಬರೆದು ಪರದೆಯ ಚಿತ್ರದೊಂದಿಗೆ ನೋಡಲ್ ಅಧಿಕಾರಿಗೆ ಕಳಿಸಿದರೆ ಪರಿಹಾರ ಸಿಗುತ್ತದೆ. ‘ಸಿಸ್ಟಂ ಸರಿ ಇಲ್ಲ’ ಎಂದರೆ ಯಾವ ಎಂಜಿನಿಯರನಿಗೂ ಏನೂ ತಿಳಿಯುವುದಿಲ್ಲ.

ಕಿಟಕಿಯ ಮಾತಿಗೆ ಬರೋಣ. ನಮ್ಮ ಭಾಗದಲ್ಲಿ ಬೇರೆ ಕಡೆ ಇಷ್ಟಾಗಿ ಇಲ್ಲದ ಒಂದು ತೊಡಕಿದೆ: ಯಾರ ದಾಖಲೆ ಎಲ್ಲಿದೆ ಎಂಬುದು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮೊದಲು ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಆಮೇಲೆ ಕಲಬುರಗಿ. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದು ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಕಾಲೇಜುಗಳು ಅದಕ್ಕೆ ಸೇರಿದವು. ರಾಯಚೂರಿಗೆ ಪ್ರತ್ಯೇಕ ವಿಶ್ವವಿದ್ಯಾಲಯವಾದದ್ದು ಈಚೆಗೆ. 2022ರ ತಿದ್ದುಪಡಿಯಲ್ಲಿ ಮಂಜೂರಾದ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಕೊಪ್ಪಳದ್ದೂ ಒಂದು. ಸಾಲದ್ದಕ್ಕೆ 2021ರಲ್ಲಿ ಬಳ್ಳಾರಿ ಜಿಲ್ಲೆಯೇ ಎರಡಾಯಿತು. 2014ರಲ್ಲಿ ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ಹಳೆಯ ಪ್ರಮಾಣಪತ್ರದಲ್ಲಿ ಒಂದು ರೀತಿ, ಹೊಸ ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಗಂಗಾವತಿಯ ಒಂದೇ ಮನೆಯಲ್ಲಿ ಅಜ್ಜನ ಪದವಿ ಧಾರವಾಡದ್ದು, ಅಪ್ಪನದು ಕಲಬುರಗಿಯದು, ಅಕ್ಕನದು ಬಳ್ಳಾರಿಯದು, ತಮ್ಮನದು ಕೊಪ್ಪಳದ್ದು ಆಗಿರಲು ಸಾಧ್ಯ. ನಕಲು ಪ್ರಮಾಣಪತ್ರಕ್ಕೋ ನೈಜತಾ ಪರಿಶೀಲನೆಗೋ ಬಂದವರು ತಪ್ಪು ಊರಿನ ಕಿಟಕಿಯಲ್ಲಿ ನಿಂತಿರುವುದು ಇದರಿಂದಲೇ.

ಯಾವ ವರ್ಷ ಪ್ರವೇಶ ಪಡೆದ, ಯಾವ ಜಿಲ್ಲೆಯ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು ಎಂದು ನಿಮ್ಮ ವಿಭಾಗದ ಅಧಿಸೂಚನೆಗಳನ್ನು ನೋಡಿ ಒಂದು ಪುಟದ ಪಟ್ಟಿ ಮಾಡಿ, ಅಧೀಕ್ಷಕರ ಒಪ್ಪಿಗೆ ಪಡೆದು ಕಿಟಕಿಯ ಹೊರಗೆ ಅಂಟಿಸಿ. ದೊಡ್ಡ ಅಕ್ಷರದಲ್ಲಿರಲಿ. ತೆಲುಗು, ಉರ್ದು ಮಾತ್ರ ಬರುವ ತಂದೆ–ತಾಯಿ ಬಂದರೆ ಅವರ ಮಾತಿನಲ್ಲಿಯೇ ಎರಡು ವಾಕ್ಯ ವಿವರಿಸಿ. ಸಿರುಗುಪ್ಪದವರಾದ ನಿಮಗೆ ತೆಲುಗು ಬಾರದೆ ಇರಲಿಕ್ಕಿಲ್ಲ. ಕಡತದ ಭಾಷೆ ಕನ್ನಡ, ಕಿಟಕಿಯಲ್ಲಿ ಎದುರಿನವರಿಗೆ ತಿಳಿಯುವುದು ಮುಖ್ಯ.

ಕೂಗಾಟ ಕಡಿಮೆಯಾಗುವುದು ಸ್ಪಷ್ಟ ಉತ್ತರದಿಂದ. ‘ನಾಳೆ ಬಾ’ ಉತ್ತರವಲ್ಲ. ‘ನಿನ್ನ ಅರ್ಜಿ ಸಂಖ್ಯೆ ಇದು, ಕಾಲೇಜಿನಿಂದ ಹಾಜರಾತಿ ಹಾಳೆ ಬರಬೇಕು, ಬರುವ ಗುರುವಾರ ಮಧ್ಯಾಹ್ನ ಈ ನಂಬರಿಗೆ ಫೋನ್ ಮಾಡು, ಬರಬೇಡ’ ಎಂಬುದು ಉತ್ತರ. ಸರ್ಕಾರಿ ಸೇವೆಗಳಿಗೆ ಗಡುವು ನಿಗದಿಪಡಿಸುವ ‘ಸಕಾಲ’ ಯೋಜನೆ ಬಂದಾಗಿನಿಂದ ನಾಡಕಚೇರಿಯಲ್ಲಿ ಅರ್ಜಿ ಸಂಖ್ಯೆಯನ್ನೂ ಗಡುವಿನ ದಿನಾಂಕವನ್ನೂ ಪಡೆದು ರೂಢಿಯಾದ ಜನ ಇವರು. ವಿಶ್ವವಿದ್ಯಾಲಯದಲ್ಲಿ ಅರ್ಜಿ ಕೊಟ್ಟು ಬರಿಗೈಯಲ್ಲಿ ಹೊರಗೆ ಹೋಗಬೇಕೆಂದರೆ ಅವರಿಗೆ ಅನುಮಾನ ಬರುತ್ತದೆ, ಬರಬೇಕಾದದ್ದೇ. ನೀವು ಹೇಳಿದ ಗುರುವಾರದೊಳಗೆ ಕೆಲಸ ಆಗದಿದ್ದರೆ ಬುಧವಾರವೇ ನೀವಾಗಿ ತಿಳಿಸಿ. ಇದೊಂದನ್ನು ಪಾಲಿಸಿದರೂ ನಿಮ್ಮ ಬಗ್ಗೆ ವಿಶ್ವಾಸ ಬೆಳೆಯುತ್ತದೆ. ಮೇ ತಿಂಗಳ ಬಿಸಿಲಲ್ಲಿ ಸರದಿಯಲ್ಲಿ ನಿಂತವರಿಗೆ ನೆರಳು, ಕುಡಿಯುವ ನೀರು ಇದೆಯೇ ಎಂದು ನೋಡಿ. ಇದನ್ನು ಯಾವ ತರಬೇತಿಯ ಸ್ಲೈಡಿನಲ್ಲಿಯೂ ನಾನು ಕಂಡಿಲ್ಲ. ಆದರೆ ಬಳ್ಳಾರಿ–ರಾಯಚೂರಿನ ಸೆಖೆಯಲ್ಲಿ ಅರ್ಧ ಜಗಳ ಅದರಿಂದಲೇ ಹುಟ್ಟುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕಾದ ಒಂದು ವಿಷಯವಿದೆ. ಪರೀಕ್ಷಾ ವಿಭಾಗದಲ್ಲಿ ಇರುವವರಿಗೆ ಇಂದಲ್ಲ ನಾಳೆ ‘ನಮ್ಮ ಕಡೆಯ ಹುಡುಗ, ಸ್ವಲ್ಪ ನೋಡಿ’ ಎಂಬ ಫೋನ್ ಬರುತ್ತದೆ. ಊರಿನವರಿಂದ ಬರಬಹುದು, ಮೇಲಿನವರಿಂದಲೂ ಬರಬಹುದು. ಊರಿನವರಿಗೆ, ‘ಅರ್ಜಿ ಕೊಡಿಸಿ, ಸರದಿಯಲ್ಲಿ ನೋಡುತ್ತೇನೆ’ ಎಂದರೆ ಸಾಕು; ಮೊದಲ ಎರಡು ಸಲ ಮುನಿಸು, ಮೂರನೆಯ ಸಲ ಫೋನೇ ಬರುವುದಿಲ್ಲ. ಮೇಲಿನವರು ಬಾಯಿಮಾತಿನಲ್ಲಿ ಹೇಳಿದರೆ, ‘ತಾವು ದೂರವಾಣಿಯಲ್ಲಿ ನಿರ್ದೇಶಿಸಿದಂತೆ ಕಡತ ಮಂಡಿಸಿದೆ’ ಎಂದು ವಿನಯದಿಂದಲೇ ಟಿಪ್ಪಣಿಯಲ್ಲಿ ಬರೆಯಿರಿ. ಸರಿಯಾದ ನಿರ್ದೇಶನವಾಗಿದ್ದರೆ ಅವರು ಸಹಿ ಮಾಡುತ್ತಾರೆ. ಸರಿಯಲ್ಲದ್ದಾಗಿದ್ದರೆ ಕಡತ ಸದ್ದಿಲ್ಲದೆ ಹಿಂದೆ ಬರುತ್ತದೆ. ನಿಮ್ಮ ಹತ್ತಿರದ ಸಂಬಂಧಿ ಯಾರಾದರೂ ಅದೇ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯುತ್ತಿದ್ದರೆ ಮೊದಲೇ ಲಿಖಿತವಾಗಿ ತಿಳಿಸಿ, ಆ ತರಗತಿಯ ಕೆಲಸದಿಂದ ದೂರವಿರಿ. ಮೌಲ್ಯಮಾಪಕರು ಯಾರು ಎಂಬುದು ನಿಮ್ಮ ಬಾಯಿಂದ ಹೊರಬೀಳಬಾರದು. 2011ರ ಆ ತೀರ್ಪು ಕೂಡ ಉತ್ತರಪತ್ರಿಕೆ ತೋರಿಸುವಾಗ ಮೌಲ್ಯಮಾಪಕರ ಗುರುತನ್ನು ಮರೆಮಾಚಬೇಕು ಎಂದೇ ಹೇಳುತ್ತದೆ. ವಿದ್ಯಾರ್ಥಿಗಳ ಫೋನ್ ಸಂಖ್ಯೆ, ಜಾತಿ, ಅಂಕಗಳಿರುವ ಪಟ್ಟಿಯನ್ನು ‘ಬೇಗ ಆಗಲಿ’ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವನ್ನೂ ಬಿಡಿ.

ಹುದ್ದೆಗಳ ಕೊರತೆ, ಹೊರಗುತ್ತಿಗೆ ಸಿಬ್ಬಂದಿಯ ಸಂಬಳ ವಿಳಂಬ, ಅನುದಾನದ ಅಭಾವ ಇವು ನಿಮ್ಮ ಮೇಜಿನಲ್ಲಿ ಬಗೆಹರಿಯುವ ಸಮಸ್ಯೆಗಳಲ್ಲ. ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೋ ಹಳೆಯವುಗಳಲ್ಲಿ ವಿಲೀನಗೊಳಿಸಬೇಕೋ ಎಂದು 2025ರಲ್ಲಿ ರಾಜ್ಯದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅದರ ಬಗ್ಗೆ ಕ್ಯಾಂಟೀನಿನಲ್ಲಿ ಎಷ್ಟು ಬೇಕಾದರೂ ವಾದಿಸಿ. ಆದರೆ ವಿಶ್ವವಿದ್ಯಾಲಯ ಯಾವ ರೂಪಕ್ಕೆ ತಿರುಗಿದರೂ ವಿದ್ಯಾರ್ಥಿಯ ಅಂಕದ ವಹಿ, ಸ್ವೀಕೃತಿ ವಹಿ, ಕಡತಗಳ ಸೂಚಿ ಬೇಕೇ ಬೇಕು. ವರ್ಗಾವಣೆಯಾಗಿ ಹೋಗುವಾಗ ಬಾಕಿ ಕಡತಗಳ ಪಟ್ಟಿಯನ್ನು, ಪ್ರತಿಯೊಂದೂ ಯಾವ ಹಂತದಲ್ಲಿದೆ ಎಂಬ ಒಂದು ಸಾಲಿನ ವಿವರದೊಂದಿಗೆ, ಮುಂದೆ ಬರುವವರಿಗೆ ಕೊಟ್ಟು ಹೋಗುವವರು ಬಹಳ ಕಡಿಮೆ. ನೀವು ಆ ಕೆಲವರಲ್ಲಿ ಒಬ್ಬರಾಗಿ.

ಕೊನೆಯದಾಗಿ ಆ ವರದಿಯ ಸಾಲು. ಅದನ್ನು ಪ್ರತಿಕೂಲ ಷರಾ ಎಂದುಕೊಂಡು ಮನವಿ ಬರೆಯಲು ಹೊರಡಬೇಡಿ; ನನಗೆ ಅದು ಸಲಹೆಯಂತೆಯೇ ಕಾಣುತ್ತದೆ. ಫಲಿತಾಂಶದ ಗಡಿಬಿಡಿ ಇಲ್ಲದ ಒಂದು ದಿನ ನೋಡಿ, ವಾಪಸು ಬಂದ ಎರಡು ಕಡತಗಳನ್ನು ಕೈಯಲ್ಲಿ ಹಿಡಿದು ಮೇಲಧಿಕಾರಿಯ ಕೊಠಡಿಗೆ ಹೋಗಿ, ‘ಸರ್, ಇವುಗಳಲ್ಲಿ ನಾನು ಇನ್ನೇನು ಬರೆಯಬೇಕಿತ್ತು?’ ಎಂದು ಕೇಳಿ. ಹೆಚ್ಚಿನವರು ಪೆನ್ನು ತೆಗೆದು ಅಲ್ಲಿಯೇ ತಿದ್ದಿ ತೋರಿಸುತ್ತಾರೆ. ತೋರಿಸದಿದ್ದರೆ ಅಭಿಲೇಖಾಲಯದಲ್ಲಿ ಮುಕ್ತಾಯಗೊಂಡ ಹಳೆಯ ಕಡತಗಳಿರುತ್ತವೆ. ಹಿಂದಿನ ಒಳ್ಳೆಯ ಅಧೀಕ್ಷಕರೊಬ್ಬರ ಹೆಸರನ್ನು ಯಾರಾದರೂ ಹಿರಿಯರಿಂದ ಕೇಳಿಕೊಂಡು, ಅವರ ಕೈಬರಹದ ಟಿಪ್ಪಣಿಗಳಿರುವ ನಾಲ್ಕಾರು ಕಡತ ತೆಗೆಸಿ ಓದಿ.